ಕಾವಲಿನ ಸಾರು

ತಾಳವಾಡಿಯಲ್ಲಿ ಬಾಬಾಜಾನು ಎಲೆಗೆ ಸುತ್ತಿಕೊಟ್ಟದ್ದು
ಮರಿಯ ಕತ್ತು, ಎರಡು ಮುಂಗಾಲು.
ತೊಡೆ ಕೇಳಲಿಲ್ಲ ಚಿಕ್ಕವ್ವ. ತೊಡೆ ಆತುರಗಾರರಿಗಂತೆ.
ನಮಗೋ ಇಡೀ ರಾತ್ರಿಯಿದೆ:
ನಾಳೆ ಲಾರಿ ಬರುವ ತನಕ
ಕಾಡಂಚಿನ ಬೀಟ್ರೂಟು ಹೊಲ ಕಾಯಬೇಕು.

ಹೇಗೂ ಬೆಂಕಿ ಬೇಕು, ಆನೆ ಬೆದರಲಿಕ್ಕೆ.
ಉರಿವ ಸೌದೆ ದಂಡವಾಗಬಾರದೆಂಬುದು
ದುಂಡಮ್ಮನ ಲೆಕ್ಕ.

ಹುಚ್ಚೆಳ್ಳೆಣ್ಣೆ ಘಮ್ಮೆಂದಾಗ
ಕೊಬ್ಬಿನ ಮಗ್ಗುಲು ಕೆಳಗಾಗಿ ತುಂಡುಗಳನ್ನಿಟ್ಟಳು.
"ಮುಟ್ಬ್ಯಾಡ ಕನಾ, ಅದೇ ತಳ ಬುಡ್ತದೆ."
ಮುಟ್ಟಿದೆ. ತಳ ಬಿಡಲಿಲ್ಲ.
ಸೌಟಿನ ಹಿಡಿಯಿಂದ ಒಂದು ಏಟು ಬಿತ್ತು.

ಚಿಕ್ಕೀರುಳ್ಳಿ ಇಡಿಯಾಗಿ, ಬೆಳ್ಳುಳ್ಳಿ ಸಿಪ್ಪೆಸಮೇತ,
ಚಪ್ಪಡಿಯ ಮೇಲೆ ಜಜ್ಜಿದ ಮೆಣಸು, ದನಿಯ.
ನೀರು, ಮಾಂಸ ಮುಳುಗುವಷ್ಟಲ್ಲ,
ಮೊಣಕಾಲು ನೆನೆಯುವಷ್ಟು.
ಮುಚ್ಚಳದ ಸುತ್ತ ರಾಗಿಹಿಟ್ಟಿನ ಮೆತ್ತು.
ಆನೆಗೆ ಉರಿ, ಮಡಕೆಗೆ ಕೆಂಡ,
ಎರಡರ ನಡುವೆ ನಾವಿಬ್ಬರು.

ಗೆಡ್ಡೆಗಳು ನಮ್ಮವೇ, ಲಾರಿಗೆ ಸಲ್ಲದವು:
ಕಲ್ಲು ಅಡ್ಡ ಸಿಕ್ಕಿ ಕವಲೊಡೆದ ಕ್ಯಾರೆಟ್ಟು,
ಗುದ್ದಲಿ ತಾಗಿದ ಉರ್ಲಗೆಡ್ಡೆ,
ಹಂದಿ ಅರ್ಧ ತಿಂದು ಬಿಟ್ಟ ಮೂಲಂಗಿ
(ಹಲ್ಲಿನ ಗುರುತು ಹೆರೆದಳು, ಅಷ್ಟೇ).
ಮೆಟ್ಟುಪಾಳ್ಯದ ಮಂಡಿಯವನಿಗೆ ಎಲ್ಲ ನೆಟ್ಟಗಿರಬೇಕು;
ಮಡಕೆಯೊಳಗೆ ಇಣುಕುವವನಲ್ಲ ಅವನು.
ಈಗಲೇ ಹಾಕಲೇ? ಅಂದೆ.
"ಕೋಳಿ ಕೂಗ್ಲಿ. ಈಗ ಹಾಕುದ್ರೆ ಗಂಜಿ ಆಯ್ತದೆ."

ನಡುರಾತ್ರಿ ಬೇಲಿಯ ತಂತಿ ಟಿಣ್ ಎಂದಿತು.
ಡಬ್ಬ ಬಡಿದೆ. ಪಕ್ಕದ ಹೊಲದ ಸೆನ್ನಿಯಪ್ಪನೂ ಬಡಿದ.
ಅವನ ಬೈಗುಳ ತಮಿಳು, ನನ್ನದು ಕನ್ನಡ,
ಆನೆಗೆ ಎರಡೂ ತಿಳಿಯುತ್ತಿತ್ತೇನೋ,
ಅವಸರವಿಲ್ಲದೆ ಒಂದು ಸಾಲು ಕಿತ್ತು,
ಮಣ್ಣನ್ನು ಕಾಲಿಗೆ ಕೊಡವಿ, ತಿಂದು, ಹೋಯಿತು.
ಚಿಕ್ಕವ್ವ ಒಲೆ ಬಿಟ್ಟು ಏಳಲೇ ಇಲ್ಲ.
"ಅದ್ರ ಪಾಡಿಗೆ ಅದು," ಅಂದಳು,
ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದು.

ಕೋಳಿ ಕೂಗಿತು. ಮೆತ್ತು ಒಡೆದು ಗೆಡ್ಡೆ ಸುರಿದಳು,
ಆನೆ ಬೀಳಿಸಿಹೋದ ಒಂದು ಬೀಟ್ರೂಟನ್ನೂ.
ಬೆಳಕು ಹರಿದಾಗ ಕತ್ತಿನ ಮೂಳೆ ಹಿಡಿದೆತ್ತಿದೆ,
ಮೂಳೆ ಮಾತ್ರ ಬಂತು.
ಕೆಂಪು ಸಾರಿನಲ್ಲಿ ಕ್ಯಾರೆಟ್ಟಿನ ಎರಡು ಕಾಲು.

ಸೆನ್ನಿಯಪ್ಪನಿಗೂ ಒಂದು ತಟ್ಟೆ, ರಾಗಿಮುದ್ದೆಯ ಜೊತೆ.
ಮೊದಲ ತುತ್ತು.
ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು.
"ಉಪ್ಪು?" ಅಂದ ಸೆನ್ನಿಯಪ್ಪ.
ಅದು ಯಾವ ಭಾಷೆಯಲ್ಲಿ ಅಂದನೋ ಗೊತ್ತಾಗಲಿಲ್ಲ.

ಚಿಕ್ಕವ್ವನ ಸೆರಗಿನ ಗಂಟಿನಲ್ಲಿ
ರಾತ್ರಿಯಿಡೀ ಬೆಚ್ಚಗೆ ಕೂತಿತ್ತು, ಒಂದು ಹಿಡಿ ಕಲ್ಲುಪ್ಪು.
ಗಂಟು ಬಿಚ್ಚುತ್ತಾ
ಆನೆಯನ್ನು ಬೈದಳು.