ಒಂಬತ್ತು ಪೌಂಡು

ನನ್ನ ಕೆಲಸ ಸುತ್ತುವುದು.
ಗ್ಲಾಸ್ಗೋ ಊರಿನ ಹೊಟ್ಟೆಯೊಳಗೆ
ಹದಿನೈದು ನಿಲ್ದಾಣ, ಇಪ್ಪತ್ತನಾಲ್ಕು ನಿಮಿಷ,
ಗೋವನ್‌ನಲ್ಲಿ ಹೊರಟು ಗೋವನ್‌ಗೇ ಬಂದು ನಿಲ್ಲುವ ರೈಲು.
ಹನ್ನೊಂದು ವರ್ಷ ನಡೆಸಿದ್ದೇನೆ,
ಎಲ್ಲಿಗೂ ಹೋಗಿಲ್ಲ.
ಗಾಣದೆತ್ತಿಗೆ ಎಣ್ಣೆಯ ವಾಸನೆಯಾದರೂ ಉಂಟು,
ನನಗೆ ಬ್ರೇಕಿನ ಧೂಳು.

ಎಂಥ ಮನೆ ಬೇಕು ಶೋನಾ, ಅಂದ ಡೂಗಲ್.
ಕದಲದಂಥದ್ದು, ಅಂದೆ.
ಮನೆ ಎಲ್ಲಾದರೂ ಕದಲುತ್ತದೆಯೇ ಎಂದು ನಕ್ಕ.
ಬಾಡಿಗೆಯದು ಕದಲುತ್ತದೆ.
ಆರು ವರ್ಷದಲ್ಲಿ ನಾಲ್ಕು ಸಲ
ಅವೇ ಬಟ್ಟಲುಗಳನ್ನು ಹಳೇ ಪೇಪರಿನಲ್ಲಿ ಸುತ್ತಿದ್ದು
ಇವನ ಕೈಯೇ.

ಕಾರ್ಡೊನಾಲ್ಡ್, ಒಂದು ಶನಿವಾರ.
ಗೋಡೆಯ ತುಂಬ ಹರಳುಕಲ್ಲು, ಹಿಂದೆ ಅಂಗೈಯಷ್ಟು ಹುಲ್ಲು,
ಬಟ್ಟೆ ಒಣಗಿಸುವ ಕಂಬ ತುಸು ವಾಲಿತ್ತು.
ಇಲ್ಲಿ ಏನೂ ಆಗುವುದಿಲ್ಲ ಕಣಮ್ಮ, ಅಂದಳು ಮುದುಕಿ ರ‍್ಯಾಂಕಿನ್.
ಕೊಳ್ಳುವವರನ್ನು ಎಚ್ಚರಿಸುತ್ತಿದ್ದಳೋ ಏನೋ,
ನನಗೆ ವರ ಕೊಟ್ಟಂತೆ ಕೇಳಿಸಿತು.

ಮನೆ ನೋಡಲು ಅವಳೂ ಬಂದಿದ್ದಳು,
ಹಸಿರು ಕೋಟು, ತಳ್ಳುಗಾಡಿ, ಅದರಲ್ಲಿ ನಿದ್ದೆ ಹೋದ ಕೂಸು.
ಮುಂದಿನ ಕೋಣೆಯ ಕಿಟಕಿಕಟ್ಟೆಯನ್ನು
ಗೇಣು ಹಾಕಿ ಅಳೆಯುತ್ತಿದ್ದಳು:
ಆರು ಗೇಣು, ಮೇಲೆ ನಾಲ್ಕು ಬೆರಳು.
ನನ್ನನ್ನು ನೋಡಿ ಕೈ ಹಿಂದಕ್ಕೆಳೆದುಕೊಂಡಳು.
ಖಾಲಿ ಇರುವ ಒಂದೇ ಸೀಟಿಗೆ ಕಣ್ಣಿಟ್ಟ ಇಬ್ಬರು ನಗುತ್ತಾರಲ್ಲ,
ಹಾಗೆ ನಕ್ಕೆವು.

ನಮ್ಮಲ್ಲಿ ಮನೆಗೆ ಬೆಲೆ ಕೂಗುವುದಿಲ್ಲ.
ಬರೆದು ಮುಚ್ಚಿ ವಕೀಲರ ಕೈಗೆ ಕೊಡುತ್ತೇವೆ.
ಶುಕ್ರವಾರ ಹನ್ನೆರಡು ಹೊಡೆದರೆ
ಲಕೋಟೆಗಳೆಲ್ಲ ಒಟ್ಟಿಗೆ ಬಾಯಿ ಬಿಡುತ್ತವೆ.
ಗುರುವಾರ ರಾತ್ರಿ ಅಡುಗೆಮನೆಯಲ್ಲಿ ಕೂತು
ಒಂದು ಲಕ್ಷದ ಎಂಬತ್ತಾರು ಸಾವಿರ ಎಂದು ಬರೆದೆವು.
ಅದಕ್ಕಿಂತ ಒಂದು ಚಮಚ ಸಕ್ಕರೆಯೂ ಇರಲಿಲ್ಲ.
ಗುಂಡಗಿನ ಲೆಕ್ಕ ಎಲ್ಲರೂ ಬರೆಯುತ್ತಾರೆ, ಬಾಲ ಇರಲಿ, ಅಂದ ಡೂಗಲ್.
ಹದಿನೈದು ನಿಲ್ದಾಣ, ನಾವಿಬ್ಬರು.
ಹದಿನೇಳು ಸೇರಿಸಿದೆವು.

ಸಿಕ್ಕಿತು.

ಮೊದಲ ರಾತ್ರಿ ನಿದ್ದೆ ಬರಲಿಲ್ಲ.
ಪಕ್ಕದ ಮನೆಯ ಮೆಕ್ವಾರಿ ಕೆಟಲ್ ಇಟ್ಟದ್ದು ಕೇಳಿಸಿತು,
ಆಮೇಲೆ ಅವನ ಚಮಚ,
ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದು ಕಿವಿಯೊಳಗೆ ಗುಂಯ್‌ಗುಟ್ಟಿತು.
ಎದ್ದು ಮೆಟ್ಟಿಲ ಮೇಲೆ ಕೂತೆ,
ಕಾಲಡಿ ನೆಲ ನಡುಗೀತೆಂದು ಕಾದೆ.
ಅದು ನಡುಗಲಿಲ್ಲ, ನನ್ನ ಮೊಣಕಾಲೇ ನಡುಗುತ್ತಿತ್ತು.

ಈಗ ಅಭ್ಯಾಸವಾಗಿದೆ.
ಮೆಕ್ವಾರಿ ವಾರಕ್ಕೊಂದೇ ಮಾತಾಡುತ್ತಾನೆ,
ಬೇಲಿಯಾಚೆಯಿಂದ: ನಾಳೆ ನೀಲಿ ತೊಟ್ಟಿ.
ಅಷ್ಟು ಸಾಕು, ಬದುಕು ಸಾಗುತ್ತದೆ.

ಬೀಗದ ಕೈ ಕೊಡುವಾಗ ವಕೀಲರ ಗುಮಾಸ್ತೆ ಸುಮ್ಮನಿದ್ದಿದ್ದರೆ!
ಕೂದಲೆಳೆ ನೋಡಿ, ಅಂದಳು.
ಎರಡನೆಯವರು ನಿಮಗಿಂತ ಒಂಬತ್ತು ಪೌಂಡು ಕಡಿಮೆ.

ಎರಡು ಬನ್ನು, ಎರಡು ಕಾಫಿ.
ಒಂಬತ್ತು ಪೌಂಡಿಗೆ ಅಷ್ಟು ಬರುತ್ತದೆ.

ಅಂದರೆ ಅವರೂ ಬಾಲ ಹಚ್ಚಿದ್ದರು.
ನಮ್ಮಂತೆಯೇ ಗುರುವಾರ ರಾತ್ರಿ ಎಣಿಸಿ
ಅವರು ಸೇರಿಸಿದ್ದು ಎಂಟು.
ಎರಡನೆಯವರು ಅವಳೇ ಎಂದು ನನಗೆ ಯಾರೂ ಹೇಳಿಲ್ಲ.
ಆದರೂ ಕಿಟಕಿಕಟ್ಟೆ ಒರೆಸುವಾಗಲೆಲ್ಲ
ಆರು ಗೇಣು, ನಾಲ್ಕು ಬೆರಳು.
ನನ್ನ ಕೈಗೆ ಅದು ಐದೂವರೆಯೇ.

ಮಂಗಳವಾರ ಸೆಸ್ನಾಕ್‌ನಲ್ಲಿ ಕಂಡಳು.
ಅದೇ ಕೋಟು. ಗಾಡಿ ಮಡಚಿ ತೋಳಿಗೆ ಸಿಕ್ಕಿಸಿದ್ದಾಳೆ,
ಕೂಸು ಸೊಂಟದ ಮೇಲೆ, ಎಚ್ಚರವಾಗಿ,
ನನ್ನ ದೀಪಗಳನ್ನೇ ನೋಡುತ್ತಿದೆ.
ಬಾಗಿಲು ತೆರೆದೆ. ಹತ್ತಿದಳು.
ನಿಯಮಕ್ಕಿಂತ ಮೂರು ಸೆಕೆಂಡು ಹೆಚ್ಚೇ ಕಾದೆ,
ಆಮೇಲೆ ಮೆಲ್ಲಗೆ, ಹಾಲಿನ ಪಾತ್ರೆ ಹೊತ್ತವಳಂತೆ,
ಕತ್ತಲೆಯೊಳಕ್ಕೆ ಎಳೆದುಕೊಂಡು ಹೋದೆ.

ಯಾವ ಎಂಟು, ತಾಯಿ?
ಕೂಸಿನ ತಿಂಗಳೇ?
ನೀನಿರುವಲ್ಲಿಯ ಮಹಡಿಯೇ?
ಇಳಿಯುವಾಗ ಕನ್ನಡಿಯಲ್ಲಿ ನೋಡಬೇಕೆಂದಿದ್ದೆ.
ಹಿಲ್‌ಹೆಡ್‌ನಲ್ಲಿ ಜನ ನುಗ್ಗಿದರು,
ಎಲ್ಲಿ ಇಳಿದಳೋ ತಿಳಿಯಲಿಲ್ಲ.