ಎಂಬತ್ತೆಂಟು ಮನಿ

ಆಕಿ ಬಗ್ಗೆ ಬರೀಬೇಕಂತ ಬಂದೀರಿ.
ನಾ ಏನ್ ಹೇಳ್ಲಿ, ನಾ ಶ್ರುತಿ ಹಚ್ಚಾಂವ.
ಆಕಿ ಬಾರಿಸೂದು ಸಂಜೀಕ, ನಾ ಬರೂದು ಮಧ್ಯಾಹ್ನ,
ಕುರ್ಚಿಗೋಳು ಇನ್ನೂ ಮೇಜಿನ ಮ್ಯಾಲ
ಕಾಲು ಮ್ಯಾಲ ಮಾಡಿ ಮಲಗಿರೋ ಹೊತ್ತಿಗೆ.
ಚಪ್ಪಾಳಿ ಕೇಳಿಲ್ಲ ನಾ.
ಯಾವ ಮನಿ ಎಷ್ಟು ಸವದದ, ಅದು ಗೊತ್ತು.

ಮನಿ ಅಂದ್ರ ಪೆಟ್ಟಿಗಿ ಮನಿ ರೀ,
ನಮ್ಮ ಆಳಂದದ ಭಜನಿಯೊಳಗ ಅಂತೀವಲ್ಲ, ಹಂಗ.
ಬಿಳಿ ಐವತ್ತೆರಡು, ಕರಿ ಮೂವತ್ತಾರು.

ಮೊದಲ ಸಲ ನೋಡಿದ್ದು ಜುಹೂ ಹೋಟೆಲ್ಲಿನ ಲಾಬಿಯೊಳಗ.
ಡೆಲ್ಫಿನ್ ಲಸ್ರಾದೊ, ಇಪ್ಪತ್ತೆರಡು ವಯಸ್ಸು.
ಐದರಿಂದ ಎಂಟು, ಸಂಜಿಗೆ ಒಂಬೈನೂರು, ಒಂದು ಸ್ಯಾಂಡ್‌ವಿಚ್.
ಮಂದಿ ಮಾತಿಗೆ ಅಡ್ಡ ಬರಬಾರದು ಅಂದಿದ್ದ ಮ್ಯಾನೇಜರ್.
ಅದಕ್ಕ ನಡುವಿನ ಎರಡು ಸಪ್ತಕ ಅಷ್ಟ ಸವದಿದ್ದವು,
ಅಂಚಿನ ಮನಿ ಲಗ್ನದಾಗ ಕೊಟ್ಟ ಭಾಂಡಿಯಂಗ
ಬಳಸದ ಮಿಂಚತಿದ್ದವು.

ಮರುವರ್ಷ ನೋಡ್ತೀನಿ, ಮಂದ್ರದ ಸುತ್ತಿಗಿಗೆಲ್ಲಾ ಗಾಯ.
ಉಣ್ಣಿ ಹರದು ತಂತಿ ಗುರ್ತು ಬಿದ್ದದ.
ಕೇಳಿದ್ರ ನಕ್ಕಳು. ಅವ್ವನ ಮಂಗಳೂರು ಕನ್ನಡ ಆಕಿದು:
"ಎಂಟು ಗಂಟೆಯ ನಂತರ ನಾನು ನನಗೆ ಬಾರಿಸುವುದು ಮಾರಾಯ್ರೆ.
ವಾಚ್‌ಮನ್ ಲೈಟ್ ಆರಿಸಿ ಕೂತಿರ್ತಾನೆ."

ಎಂಬತ್ತೆಂಟು ಮನಿ ಇದ್ದಾಕಿಗೆ
ಬಾಡಿಗಿಗೆ ಒಂದು ಮನಿ ಸಿಗಲಿಲ್ಲ ಈ ಊರಾಗ.
ಕಲೀನಾ, ವಾಕೋಲಾ, ಮಲಾಡಿನ ಓರ್ಲೆಮ್.
ಸೊಸೈಟಿ ಸೆಕ್ರೆಟರಿ ಬಾಗಿಲಾ ಬಡಿಯೋದು, ನಾಕು ಹಮಾಲರು ಬರೋದು.
ಒಂದ್ಸಲ ಕಿಟಕಿ ಕಿತ್ತು ಹಗ್ಗಾ ಹಾಕಿ ಏರಿಸಿದ್ವಿ.
ನಡು ಗಾಳಿಯೊಳಗ ಅದು ತಾನ ಒಂದು ಸಲ ನುಡೀತು,
ಕೆಳಗ ನಿಂತು ಆಕಿ ಅಂದ್ಲು, ಪಂಚಮ ಇಳದದ.

ಸಾಬೂನಿನ ಜಾಹೀರಾತಿಗೆ ಎಂಟು ಸೆಕೆಂಡು ಬಾರಿಸಿದ್ಲು.
ಹಾಲಿನ ಪುಡಿಗೆ ಐದು.
ಆ ರೊಕ್ಕದಾಗ ಪೋಲಂಡಿಗೆ ಹೋದ್ಲು, ಎರಡು ವರ್ಷ.
ಮನಿ ಕೀಲಿ ನನ್ನ ಕೈಯಾಗ.
ಪೆಟ್ಟಿಗಿ ಒಳಗ ಹದಿನೈದು ವ್ಯಾಟಿನ ಬಲ್ಬು, ಅದು ಆರಬಾರದು.
ದೇವರ ಮುಂದಿನ ದೀಪ ಅಂತ ಬರಕೋಬ್ಯಾಡ್ರಿ.
ಮುಂಬೈ ಹಸಿ ಬಡೀಬಾರದು ಅಂತ, ಅಷ್ಟ.
ಎರಡು ಮಳೆಗಾಲಕ್ಕ ಏಳು ಬಲ್ಬು.
ಒಂದರ ರೊಕ್ಕಾ ಇನ್ನೂ ಕೊಟ್ಟಿಲ್ಲ.

ತಿರುಗಿ ಬಂದಾಗ ಮಂದ್ರದ ಒಂದು ಕರಿ ಮನಿ
ಗುಂಯ್ ಅಂತಿತ್ತು, ತಾಮ್ರ ಸಡ್ಲಾಗಿತ್ತು.
ತಂತಿಗೆ ಕೈ ಹಚ್ಚೀನಿ, ಬೇಡ ಅಂದ್ಲು.
ಮೊಬೈಲ್ ನನ್ನ ಕಿವಿಗೆ ಹಿಡದ್ಲು, ಅಲ್ಲಿ ಮಾಡಿದ ರೆಕಾರ್ಡು.
ಅದರೊಳಗೂ ಅದ ಗುಂಯ್!
"ಅವರ ಪಿಯಾನೊ ತುಂಬಾ ಶುದ್ಧ ಮಾರಾಯ್ರೆ.
ತಂತಿಯ ಮೇಲೆ ನನ್ನ ಹಳೇ ಲೋಕಲ್ ಪಾಸ್ ಇಟ್ಟೆ."
ಮಲಾಡ್ ಟು ಚರ್ಚ್‌ಗೇಟ್, ಸೆಕೆಂಡ್ ಕ್ಲಾಸ್.

ನನಗ ಕಲಿಸಿದ ಮುದುಕಾ, ಬೆಹ್ರಾಮ್ ಸೇಠ, ಅಂತಿದ್ದಾ:
ಯಾವ ಸ್ವರಾನೂ ಪೂರ್ತಿ ಖರೇ ಇಡಬ್ಯಾಡ.
ಸುಳ್ಳನ್ನ ತುಸು ತುಸು ಎಲ್ಲಾ ಮನಿಗೂ ಹಂಚು,
ಆವಾಗ ಯಾವ ಮನಿಯಿಂದ ಹೊಂಟ್ರೂ ಹಾಡು ಊರು ಮುಟ್ತದ.
ನನಗ ಅದು ಲೆಕ್ಕ. ಆಕಿ ಅದನ್ನ
ಮೂವತ್ತು ವರ್ಷದ ಜೀವನಾ ಮಾಡ್ಕೊಂಡ್ಲೇನೋ. ಗೊತ್ತಿಲ್ಲ.

ಹೋದ ತಿಂಗಳು ನರಿಮನ್ ಪಾಯಿಂಟಿನ ದೊಡ್ಡ ಹಾಲಿನ್ಯಾಗ.
ಒಂಬತ್ತು ಫೂಟಿನ ಪಿಯಾನೊ, ಅದಕ್ಕ ಅವರದ ಮನಶ್ಯಾ ಇದ್ದಾ.
ನನಗ ಟಿಕೀಟು ಕಳಿಸಿದ್ಲು, ಐದನೇ ಸಾಲು.
ಇಸ್ತ್ರಿ ಅಂಗಿ ಹಾಕ್ಕೊಂಡು ಸಂಜೀಕ ಕುಂತೆ.
ಮಧ್ಯಂತರ ಆದ ಮ್ಯಾಲ, ಎಸಿ ತಂಪಿಗೆ,
ನಡುವಿನ ಸಪ್ತಕದ ಎರಡನೇ ಕರಿ ಇಳೀತು.
ಕೂದಲೆಳಿಯಷ್ಟು.
ಕಿಸೆಯೊಳಗ ನನ್ನ ಕೈ ಇಲ್ಲದ ಕೀಲಿ ತಿರುವಾಕ ಹತ್ತು.
ಆಕಿಗೂ ಕೇಳಿಸ್ತು. ಭುಜ ಒಂದು ಗಳಿಗಿ ನಿಂತ್ವು.
ಆಮ್ಯಾಲ ಆ ಮನಿಗೇ ಹೋದ್ಲು, ಮತ್ತ ಹೋದ್ಲು,
ತಾಟು ತಗೀದ ಬೀಗರ ಮನಿಗೆ
ಬೇಕಂತ ದಿನಾ ಹೋದಂಗ.

ಮಂದಿ ಎದ್ದು ನಿಂತು ಚಪ್ಪಾಳಿ ಹೊಡದ್ರು.
ನಾ ಎಣಸಾಕ ಹತ್ತಿದ್ದೆ.
ಬರಕೋರಿ ಇದನ್ನ: ಎರಡನೇ ಕರಿ, ಮೂರು ತಂತಿಯೊಳಗ ನಡುವಿಂದು.
ಕರದ್ರ ಹೋಗ್ತೀನಿ.