ಕತ್ತಲಾಗದ ಜುಲೈ

ಕೆಮಿಯಲ್ಲಿ ಈ ತಿಂಗಳು ಕತ್ತಲಾಗುವುದಿಲ್ಲ.
ಕಿಟಕಿಗೆ ಕಂಬಳಿ ಬಡಿದು ಯೌನಿ ಹಡಗಿಗೆ ಹೋದ.
ಎಡಮಗ್ಗುಲಲ್ಲೇ ಮಲಗು ಅಂದಿದ್ದಾಳೆ ಸೂಲಗಿತ್ತಿ.
ಗ್ರಂಥಾಲಯದ ಪಿರ್ಕೊ ಕಳಿಸಿದ ಚೀಲದಲ್ಲಿ
ಹನ್ನೊಂದು ಸಿನಿಮಾ, ಒಂದು ಸೌತೆಕಾಯಿ.

ಯುದ್ಧದ್ದು ಉದ್ದ. ಮೂರು ಗಂಟೆಯಲ್ಲಿ
ಒಬ್ಬ ಸಿಪಾಯಿಯೂ ಉಚ್ಚೆಗೆ ಏಳಲಿಲ್ಲ;
ನಾನು ಐದು ಸಲ ಎದ್ದೆ.

ಪತ್ತೇದಾರಿಯದರಲ್ಲಿ ಕೊಂದವರು ಯಾರೋ,
ನಿದ್ದೆ ಬಂತು. ಮಾವನ ಮೇಲೆ ನನಗೆ ಗುಮಾನಿ.

ಒಂದರಲ್ಲಿ ಹೆರಿಗೆಯಿತ್ತು:
ನೀರೊಡೆಯಿತು, ಟ್ಯಾಕ್ಸಿ, ಎರಡು ಚೀರು,
ಮಗು, ಆಗಲೇ ಮೂರು ತಿಂಗಳದ್ದು, ತಲೆ ಬಾಚಿದ್ದು.
ತಾಯಿಯ ತುಟಿಯ ಬಣ್ಣ ಅಳಿಸಿರಲಿಲ್ಲ.
ಇದನ್ನು ತೆಗೆದವನ ಅಮ್ಮನನ್ನು ಒಮ್ಮೆ ಮಾತಾಡಿಸಬೇಕು.

ಹಿಡಿಸಿದ್ದು ಒಂದೇ, ಕಪ್ಪುಬಿಳುಪಿನದು.
ಯಾರೋ ಹೆಂಗಸು ಅಂಗಿಗೆ ಇಸ್ತ್ರಿ ಹಾಕುತ್ತಾಳೆ.
ಕಾಲರು, ತೋಳು, ಮತ್ತೆ ಕಾಲರು.
ಮಾತಿಲ್ಲ. ನೀರು ಚಿಮುಕಿಸಿದಲ್ಲೆಲ್ಲ
ಬಟ್ಟೆ ಬುಸ್ಸೆನ್ನುತ್ತದೆ.
ಆಗ ಕಾಲು ಝಾಡಿಸಿದೆ ನೀನು,
ಮೊದಲ ಸಲವೇನಲ್ಲ,
ಆದರೆ ಅಭಿಪ್ರಾಯವಿದ್ದವರ ಹಾಗೆ.

ತಟ್ಟೆಗೆ ಗೀರು ಬಿದ್ದಿತ್ತು, ಎರಡನೆಯ ತೋಳಿಗೇ ನಿಂತಿತು.
ಅಂಗಿ ಯಾರದೋ ತಿಳಿಯಲಿಲ್ಲ.

ಕಂಬಳಿಯ ತೂತಿನಿಂದ ರಾತ್ರಿ ಹನ್ನೊಂದರ ಬಿಸಿಲು
ಹೊಟ್ಟೆಯ ಮೇಲೆ ನಾಣ್ಯದಷ್ಟು;
ಅದು ಪಕ್ಕೆಗೆ ಜಾರುವವರೆಗೂ ನೋಡಿದೆ.

ಪಿರ್ಕೊಗೆ ಹೇಳಬೇಕು,
ಸೌತೆಕಾಯಿ ಕಹಿಯಿತ್ತು.